ಪತ್ರದ ಒಡಲು

ದ್ಯಾಮಮ್ಮ ತೀರಿಕೊಂಡ ಸುದ್ದಿ ಬಂದಾಗ ಶಿವರಾಮ ಮೇಷ್ಟ್ರು ದೇವರ ಮುಂದೆ ಕೂತು ಗಂಧ ತೇಯುತ್ತಿದ್ದರು. ಪೂಜೆಯ ನಡುವೆ ಸುಬ್ಬಲಕ್ಷ್ಮಿ ಗಂಡನಿಗೆ ಯಾರ ಫೋನನ್ನೂ ತಂದು ಕೊಡುವವರಲ್ಲ. ಅವತ್ತು ಮಾತ್ರ ಅಡುಗೆಮನೆಯಿಂದ ಓಡಿಬಂದು, "ಮೆಹಬೂಬ್ ಸಾಬ್ರು. ಈಗ್ಲೇ ಮಾತಾಡ್ಬೇಕಂತೆ," ಎಂದು ಫೋನನ್ನು ಅವರ ಕಿವಿಯ ಹತ್ತಿರವೇ ಹಿಡಿದರು.

"ಸರ್, ದ್ಯಾಮಮ್ಮ ಹೋಗ್ಬಿಟ್ರು."

"ಯಾವ ದ್ಯಾಮಮ್ಮ?"

ಕೇಳಿದ ಮೇಲೆ ಮೇಷ್ಟ್ರಿಗೇ ನಾಚಿಕೆಯಾಯಿತು. ಭದ್ರಾವತಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಷ್ಟು ವರ್ಷವೂ ಆಕೆಯ ಕೈಯ ಅಡುಗೆಯನ್ನು ಮಕ್ಕಳಿಗಿಂತ ಮೊದಲು ರುಚಿ ನೋಡಿದವರು ಅವರೇ. ಬಿಸಿಯೂಟದ ನಿಯಮ ಹಾಗಿತ್ತು. ದ್ಯಾಮಮ್ಮ ಸೆರಗಿನಿಂದ ಕೈಯೊರೆಸಿಕೊಂಡು ಒಂದು ತುತ್ತು ಅನ್ನ, ಒಂದು ಸೌಟು ಸಾಂಬಾರು ತಟ್ಟೆಗೆ ಹಾಕಿ, ಅವರ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದಳು.

"ನಮ್ ಸ್ಕೂಲ್ ಅಡುಗೆ ದ್ಯಾಮಮ್ಮ ಸರ್. ನಿನ್ನೆ ಸಾಯಂಕಾಲ ಹೋಗಿದ್ದು. ಅವರ ತಮ್ಮ ಕಲ್ಲಪ್ಪ ಗಾಂಧಿ ಬಜಾರಲ್ಲಿ ಮೂಟೆ ಹೊರ್ತಾನಲ್ಲ, ಅವನೇ ಅಂಗಡಿ ಹತ್ರ ಬಂದು ಹೇಳ್ದ. ಹನ್ನೊಂದು ದಿನ ಇಲ್ಲೇ, ಶಿವಮೊಗ್ಗದ ದೊಡ್ಡಾಸ್ಪತ್ರೇಲೇ ಇದ್ರಂತೆ. ನಿಮ್ಮನ್ನ ನೋಡ್ಬೇಕು ಅಂತಿದ್ರಂತೆ. ನಿಮ್ಮ ಹಳೇ ನಂಬರು ಹೋಗ್ತಿರ್ಲಿಲ್ಲ. ಮಗಳ ಕೈಲಿ ಕಾಗ್ದ ಹಾಕ್ಸಿದ್ರಂತೆ ಸರ್."

ಮೇಷ್ಟ್ರು ಗಂಧದ ಕೊರಡನ್ನು ಕೆಳಗಿಟ್ಟರು.

"ಅವತ್ತು ಅಂಗಡೀಲಿ ನೀವು ತೋರ್ಸಿದ್ರಲ್ಲ, ಆ ಕಾಗ್ದ..." ಎಂದು ಸಾಬರು ಅಷ್ಟಕ್ಕೇ ಬಿಟ್ಟರು.

ಕಾಗದ ಪಂಚಾಂಗದೊಳಗಿತ್ತು. ಮುಂದಿನ ಏಕಾದಶಿಯ ಪುಟಕ್ಕೆ ಗುರುತಾಗಲಿ ಎಂದು ಅವರೇ ಇಟ್ಟಿದ್ದರು. ಗಂಧದ ಕೈಯಲ್ಲೇ ಅದನ್ನು ಎಳೆದು ಬಿಡಿಸಿದರು. ನೋಟ್‌ಬುಕ್ಕಿನಿಂದ ಹರಿದ ಗೆರೆ ಹಾಳೆ. ಎಡಗಡೆ ಮೇಲೆ "ಕ್ಷೇಮ". ಬಲಗಡೆ "ಅ.ಬ.ಕ., ಹತ್ತನೇ ತರಗತಿ, ಸರ್ಕಾರಿ ಪ್ರೌಢಶಾಲೆ, ಭದ್ರಾವತಿ". ಕೆಳಗೆ, ಪ್ರತಿ ಅಕ್ಷರವನ್ನೂ ಒತ್ತಿ ಒತ್ತಿ ಚಿತ್ರ ಬಿಡಿಸಿದ ಹಾಗೆ: "ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಕ್ಷೇಮದ ಬಗ್ಗೆ ಪತ್ರ ಬರೆಯಿರಿ. ನಾನು ಚೆನ್ನಾಗಿ ಓದುತ್ತಿದ್ದೇನೆ."

ಎಂಟು ದಿನದ ಹಿಂದೆ ಅಂಚೆಯಲ್ಲಿ ಬಂದಾಗ ಇಷ್ಟು ಓದಿ ಮೇಷ್ಟ್ರು ಜೋರಾಗಿ ನಕ್ಕಿದ್ದರು. ಮುಂದೆ ಓದುವುದು ಬೇಕಾಗಿರಲಿಲ್ಲ; ಮುಂದಿನದು ಅವರಿಗೆ ಬಾಯಿಪಾಠ. ಶಾಲೆಯಲ್ಲಿ ಪ್ರವಾಸ ಏರ್ಪಡಿಸಿದ್ದಾರೆ, ಜೋಗಕ್ಕೂ ಸಕ್ರೆಬೈಲಿಗೂ ಹೋಗುತ್ತಾರೆ, ಅನುಮತಿ ಕೊಡಬೇಕು, ತಾಯಿಯವರಿಗೆ ನಮಸ್ಕಾರ ತಿಳಿಸಿ, ಇಂತಿ ನಿಮ್ಮ ಪ್ರೀತಿಯ ಮಗಳು ಅ.ಬ.ಕ. ಹತ್ತನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಐದು ಅಂಕ. ಆ ಐದು ಅಂಕಕ್ಕಾಗಿ ಅವರೇ ಕಟ್ಟಿದ ಪತ್ರ ಅದು. ಯಾವನೋ ಹಳೇ ಶಿಷ್ಯ ತಮಾಷೆಗೆ ಕಳಿಸಿದ್ದಾನೆ ಎಂದುಕೊಂಡು, ಸಂಜೆ ಗಾಂಧಿ ಬಜಾರಿನಲ್ಲಿ ಮೆಹಬೂಬ್ ಸಾಬರ ತಮ್ಮನ ಮಗನ ನೋಟ್‌ಬುಕ್ ಅಂಗಡಿಗೆ ಹೋಗಿ ಕಾಗದವನ್ನು ಕೌಂಟರಿನ ಮೇಲೆ ಹರಡಿದ್ದರು.

"ಇದು ನಿಮ್ಮ ಪ್ಯಾಕೇಜ್ ಲೆಟರೇ ಅಲ್ವಾ ಸರ್?" ಎಂದು ಸಾಬರೂ ನಕ್ಕಿದ್ದರು. ಗಣಿತ ಮೇಷ್ಟ್ರಾಗಿ ಜೊತೆಗೆ ಹದಿನಾರು ವರ್ಷ ದುಡಿದವರಿಗೆ ಅದು ಗೊತ್ತಾಗದೆ ಇರುತ್ತದೆಯೇ? "ಪೂರ್ತಿ ಓದಿದ್ರಾ?"

"ಓದೋದೇನಿದೆ ಮಾರಾಯ್ರೇ, ನಾನೇ ಬರೆಸಿದ್ದು. ತಲೆ ಸರಿಯಿದೆ, ಕಾಲು ಸರಿಯಿದೆ," ಎಂದು ಮೇಷ್ಟ್ರು ಅಂಗಡಿಯ ಕೆಂಪು ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ 4½ ಎಂದು ಬರೆದು ಸುತ್ತ ಸೊನ್ನೆ ಹಾಕಿದ್ದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು.

ಈಗ ಕನ್ನಡಕ ಸರಿಮಾಡಿಕೊಂಡು ಆರನೆಯ ಸಾಲು ಓದಿದರು. "ನಮ್ಮ ಶಾಲೆಯಲ್ಲಿ ಅಮ್ಮಗೆ ಹುಸರಿಲ ಶಿವಮೊಗ ದೊಡಾಸ್ಪತರೆಲಿ ನಿಮನ ನೊಡಬೆಕು ಕರಿತವಳೆ ಬೆಗ ಬನಿ." ಅದರ ಮುಂದೆ ಮತ್ತೆ ಗುಂಡಾದ, ತಪ್ಪಿಲ್ಲದ ಅಕ್ಷರ: "ತಾಯಿಯವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಇಂತಿ ನಿಮ್ಮ ಪ್ರೀತಿಯ ಮಗಳು, ಅ.ಬ.ಕ."

ದೊಡ್ಡಾಸ್ಪತ್ರೆ ಅವರ ಮನೆಯಿಂದ ಕಾಲ್ನಡಿಗೆಯ ದೂರ. ಬೆಳಗಿನ ವಾಯುವಿಹಾರಕ್ಕೆ ಹೋಗುವಾಗ ದಿನವೂ ಅದರ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದರು.

ಆ ಪತ್ರ ಹುಟ್ಟಿದ್ದು ಕೆಟ್ಟ ಬುದ್ಧಿಯಿಂದಲ್ಲ. ಶುಲ್ಕವಿಲ್ಲ, ಪುಸ್ತಕ ಬಿಟ್ಟಿ, ಸಮವಸ್ತ್ರ ಬಿಟ್ಟಿ, ಮಧ್ಯಾಹ್ನ ಊಟ, ಎಂಟನೇ ತರಗತಿಗೆ ಸೈಕಲ್ಲು ಎಂದಾದ ಮೇಲೆ, ಕಾರ್ಖಾನೆಯ ಹಿಂದಿನ ಓಣಿಗಳಿಂದ, ಇಟ್ಟಿಗೆ ಗೂಡುಗಳಿಂದ, ಅಲ್ಲಿಯವರೆಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತದ ಮನೆಗಳ ಮಕ್ಕಳು ಬಂದರು. ಮೇಷ್ಟ್ರು ಬಾಗಿಲಲ್ಲಿ ನಿಂತು ಅವರನ್ನು ಬರಮಾಡಿಕೊಂಡರು. ಆ ಸಂತೋಷದಲ್ಲಿ ಮೋಸವಿರಲಿಲ್ಲ. ಆದರೆ ಮಕ್ಕಳು ಹೆಚ್ಚಿದ ಹಾಗೆ ಕೊಠಡಿ ಹೆಚ್ಚಲಿಲ್ಲ, ಮೇಷ್ಟ್ರುಗಳು ಹೆಚ್ಚಲಿಲ್ಲ. ನಿವೃತ್ತರಾದವರ ಜಾಗ ಖಾಲಿಯೇ ಉಳಿಯಿತು. ಡ್ರಿಲ್ ಮೇಷ್ಟ್ರು ವಿಜ್ಞಾನ ಮಾಡಿದರು. ಒಂದು ಕೊಠಡಿಯಲ್ಲಿ ತೊಂಬತ್ತೆರಡು ಮಕ್ಕಳು ಕೂತರು. ಕೆಳಗಿನ ತರಗತಿಗಳಲ್ಲಿ ಯಾರನ್ನೂ ಫೇಲು ಮಾಡುವಂತಿರಲಿಲ್ಲವಾದ್ದರಿಂದ, ಅವರಲ್ಲಿ ಮೂರನೆಯ ಒಂದು ಪಾಲು ಒತ್ತಕ್ಷರ ಬಂದಲ್ಲಿ ನಿಂತುಬಿಡುವವರು.

"ಸರ್, ದಿನಾ ಕೊನೇ ಪಿರಿಯಡ್ ನನಗೆ ಕೊಡಿ," ಎಂದು ಆಗ ಸಾಬರು ಕೇಳಿದ್ದರು. "ಗಣಿತ ಅತ್ಲಾಗಿರ್ಲಿ, ಮೊದ್ಲು ಕಾಗುಣಿತ ಕಲಿಸ್ತೀನಿ. ಲೆಕ್ಕದ ಪ್ರಶ್ನೆ ಓದೋಕಾದ್ರೂ ಬರ್ಬೇಕಲ್ಲ."

"ಹತ್ತನೇ ಕ್ಲಾಸಲ್ಲಿ ಕಾಗುಣಿತ ಹೇಳ್ಕೊಟ್ರೆ ಜನ ನಗ್ತಾರೆ ಸಾಬ್ರೇ," ಎಂದು ಮೇಷ್ಟ್ರು ಆ ಪಿರಿಯಡ್ಡನ್ನು ಪುನರಾವರ್ತನೆಗೆ ಇಟ್ಟುಕೊಂಡರು. ಫಲಿತಾಂಶ ಕಡಿಮೆ ಬಂದ ಶಾಲೆಯವರನ್ನು ಮೇಲಿನವರ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದರು. ಒಂದು ವರ್ಷ ಅವರೂ ಹಾಗೆ ನಿಂತಿದ್ದರು. ನರೆತ ತಲೆ ತಗ್ಗಿಸಿ, ತಮಗಿಂತ ಇಪ್ಪತ್ತು ವರ್ಷ ಚಿಕ್ಕವನ ಬಾಯಿಂದ ಮಾತು ಕೇಳಿಸಿಕೊಂಡು ಬಂದವರು ಆ ಬೇಸಿಗೆಯಲ್ಲೇ ಕೂತು ಕಟ್ಟಿದ್ದು ಪಾಸಿಂಗ್ ಪ್ಯಾಕೇಜು. ಒಂದು ಪತ್ರ, ಒಂದು ಪ್ರಬಂಧ, ಎರಡು ಪದ್ಯ, ನಾಲ್ಕು ಕವಿಪರಿಚಯ. ನೂರು ಸಲ ಬರೆದರೆ ಕೈಗೇ ಅಭ್ಯಾಸವಾಗುತ್ತದೆ, ಓದಲು ಬರಬೇಕೆಂದಿಲ್ಲ.

"ತಲೆ ಸರಿಯಿರ್ಲಿ, ಕಾಲು ಸರಿಯಿರ್ಲಿ," ಎಂದು ತರಗತಿಯಲ್ಲಿ ಹೇಳುತ್ತಿದ್ದರು. "ಪತ್ರದ ಒಡಲನ್ನ ಯಾರೂ ಓದಲ್ಲ. ನಾನೂ ಪೇಪರ್ ತಿದ್ದೋನೇ, ನಂಗೊತ್ತು. ಹೆಸರು ಮಾತ್ರ ಯಾರೂ ಬರೀಬೇಡಿ. ಉತ್ತರಪತ್ರಿಕೇಲಿ ಸ್ವಂತ ಹೆಸರು ಬರೆದ್ರೆ ನಕಲು ಹೊಡೆದ ಹಾಗೇ. ಅ.ಬ.ಕ. ಅಂತ ಹಾಕಿ." ಮಕ್ಕಳು ಹಾಗೇ ಹಾಕಿದರು. ಮುಂದಿನ ವರ್ಷ ಶಾಲೆಗೆ ನೂರಕ್ಕೆ ನೂರು ಬಂತು. ಅದೇ ಸಭೆಯಲ್ಲಿ ಮೇಷ್ಟ್ರಿಗೆ ಶಾಲು ಹೊದಿಸಿದರು.

ದ್ಯಾಮಮ್ಮನ ಮಗಳು ಶರಣ್ಯಾ ಪಾಸಾದದ್ದು ಅದೇ ವರ್ಷ, ಫಸ್ಟ್ ಕ್ಲಾಸಿನಲ್ಲಿ. ದ್ಯಾಮಮ್ಮ ಒಂದು ತಟ್ಟೆ ಸಕ್ಕರೆ ಹಿಡಿದು ಶಾಲೆಯೆಲ್ಲ ಸುತ್ತಿದ್ದಳು. "ಫೀಸಿಲ್ಲ ಅಂದಿದ್ಕೆ ಸೇರಿಸ್ದೆ ಮೇಷ್ಟ್ರೇ. ಓದುತ್ತೋ ಬಿಡುತ್ತೋ ಅಂತಿದ್ದೆ. ನಮ್ಮ ಕುಲದಲ್ಲಿ ಅಕ್ಷರ ಕಂಡಿದ್ದು ಇದೊಂದೇ," ಎಂದು ಅವರ ಅಂಗೈಗೆ ಸಕ್ಕರೆ ಸುರಿದಿದ್ದಳು.

ಭದ್ರಾವತಿ ಬಸ್ಸಿನಲ್ಲಿ ಮೇಷ್ಟ್ರೂ ಸಾಬರೂ ಪಕ್ಕಪಕ್ಕ ಕೂತರು. ಕಾಗದ ಮೇಷ್ಟ್ರ ಜುಬ್ಬದ ಜೇಬಿನಲ್ಲಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿದರು. ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿ ಶಾಮಿಯಾನ ಕಂಡಾಗ ಎಲ್ಲವೂ ಮರೆತುಹೋಯಿತು.

ದ್ಯಾಮಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವಳ ತಲೆಯ ಮೇಲುಗಡೆ, ದೇವರ ಪಟಗಳ ಸಾಲಿನಲ್ಲೇ, ಗಾಜು ಹಾಕಿಸಿದ ಮಗಳ ಅಂಕಪಟ್ಟಿ. ಶರಣ್ಯಾ ಎದ್ದು ಬಂದಳು. ಇಪ್ಪತ್ತನಾಲ್ಕು ವರ್ಷದ ಹೆಣ್ಣು. ಪಿಯುಸಿಯ ಮೊದಲ ಆರು ತಿಂಗಳಲ್ಲೇ ಕಾಲೇಜು ಬಿಟ್ಟವಳು ಈಗ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಾಳೆ ಎಂದು ಸಾಬರು ಬಸ್ಸಿನಲ್ಲಿ ಹೇಳಿದ್ದರು.

"ಬಂದ್ರಾ ಸರ್," ಎಂದಳು. ಅತ್ತು ಅತ್ತು ದನಿ ಹೋಗಿತ್ತು. "ಸರ್, ನಾನು ನಿಮಗೊಂದು ಲೆಟರ್ ಹಾಕಿದ್ದೆ. ಬಂತಾ?"

ಸುತ್ತ ಕೂತವರು ತಲೆಯೆತ್ತಿದರು. ಕಲ್ಲಪ್ಪ ಬೀಡಿ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ.

"ಇಲ್ಲಮ್ಮ," ಎಂದರು ಮೇಷ್ಟ್ರು. "ಬರ್ಲಿಲ್ಲ."

ಪಕ್ಕದಲ್ಲಿದ್ದ ಸಾಬರು ಮೇಷ್ಟ್ರ ಜೇಬಿನ ಕಡೆ ನೋಡಿದರು.

"ಅದೇ ಅನ್ಕೊಂಡೆ," ಎಂದಳು ಶರಣ್ಯಾ. "ನಿಮ್ಮನೆ ಗೃಹಪ್ರವೇಶದ ಕಾರ್ಡ್ ಅಮ್ಮ ಇಟ್ಕೊಂಡಿದ್ಲು. ಅದ್ನ ನೋಡ್ಕೊಂಡೇ ಅಡ್ರೆಸ್ ಬರ್ದೆ. ತಪ್ಪಾಯ್ತು ಅನ್ಸುತ್ತೆ."

"ತಪ್ಪಾಗ್ದೆ ಏನಾಗುತ್ತೆ?" ಎಂದ ಕಲ್ಲಪ್ಪ. "ಸೇರಿಸಿದ್ ದಿನ ಆಪರೇಷನ್ನಿಗೆ ಒಪ್ಪಿಗೆ ಫಾರಂ ಕೊಟ್ರು ಮೇಷ್ಟ್ರೇ. ಓದಿ ಸೈನ್ ಹಾಕಮ್ಮ ಅಂತ. ಕನ್ನಡದಾಗೇ ಇತ್ತು. ಇವ್ಳು ಹಿಂಗೆ ತಿರುಗ್ಸಿ ಹಂಗೆ ತಿರುಗ್ಸಿ ನೋಡ್ತಾವ್ಳೆ. ನರ್ಸಮ್ಮ ಕೂಗಾಡಿದ್ಲು. ಎಷ್ಟು ಓದಿದೀಯ ಅಂದ್ಲು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಅಂದ್ಲು ಇವ್ಳು. ವಾರ್ಡ್ ವಾರ್ಡೇ ನಕ್ತು. ಅಕ್ಕ ಮಂಚದ ಮೇಲೆ ಎಲ್ಲಾ ಕೇಳಿಸ್ಕೊಂಡು ಮಲ್ಗಿದ್ಲು."

"ಮಾವ, ಸಾಕು."

"ಇದ್ದಿದ್ದು ಹೇಳ್ದೆ ಕಣೇ."

ಶರಣ್ಯಾ ತಾಯಿಯ ಮಡಿಲ ಮೇಲಿನ ಹೂವನ್ನು ಸರಿಮಾಡಿದಳು. "ಅವತ್ತೇ ಅಮ್ಮ ಅಂದ್ಲು ಸರ್, ಮೇಷ್ಟ್ರನ್ನ ಕರ್ಸು, ಒಂದೇ ಮಾತು ಕೇಳ್ಬೇಕು ಅಂತ. ನನ್ ಮಗಳಿಗೆ ನಿಜವಾಗ್ಲೂ ಓದು ಬರುತ್ತಾ ಇಲ್ವಾ ಅಂತ. ನಾನೂ ಹಟಕ್ಕೆ ಕೂತು ಲೆಟರ್ ಬರ್ದೆ. ನೀವು ಬಂದ್ರೆ ಅವ್ಳಿಗೇ ಗೊತ್ತಾಗುತ್ತಲ್ಲ, ಬರೀತಾಳೆ ನನ್ ಮಗಳು ಅಂತ. ದಿನಾ ಬಾಗ್ಲು ಕಡೆ ನೋಡೋಳು. ಸರ್ಯಾಗ್ ಬರ್ದಿದ್ರೆ ಮೇಷ್ಟ್ರು ಬರದೇ ಇರ್ತಾರೇನೇ ಅನ್ನೋಳು. ಕೊನೆಗೆ ಅದೂ ಬಿಟ್ಲು. ಹೋಗ್ಲಿ ಬಿಡು ಮಗಾ, ನಿಂಗೆ ಬರಲ್ಲ, ಬಿಡು ಅಂದ್ಲು." ಅವಳು ಮೂಗೊರೆಸಿಕೊಂಡಳು. "ನನ್ ತಲೆ ಮೊದ್ಲಿಂದ್ಲೂ ದಡ್ಡೇ ಅಲ್ವಾ ಸರ್. ನೀವು ಅಷ್ಟು ಕಷ್ಟಪಟ್ಟು ಹೇಳ್ಕೊಟ್ರೂ..."

ಮೇಷ್ಟ್ರ ಕೈ ಜೇಬಿನ ತನಕ ಹೋಯಿತು. ಅಲ್ಲಿಂದ ವಾಪಸು ಬಂದು ಕರವಸ್ತ್ರಕ್ಕಾಗಿ ಬಗಲಚೀಲವನ್ನು ತಡಕಿತು.

ಮಣ್ಣು ಮುಗಿಸಿಕೊಂಡು ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದರು. ಊರು ಹತ್ತಿರ ಬಂದಾಗ ಸಾಬರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ನಾನೂ ನಕ್ಕಿದ್ದೆ ಸರ್ ಅವತ್ತು. ಆ ಹುಡುಗಿ ನನ್ನನ್ನ ಕೇಳ್ಲಿಲ್ಲ, ಅದಕ್ಕೆ ಬಚಾವಾದೆ."

ಮರುದಿನ ಮೇಷ್ಟ್ರು ಎಂದಿನಂತೆ ಮಿಂದು ಸಂಧ್ಯಾವಂದನೆಗೆ ಕೂತರು. ಮಂತ್ರ ನಾಲಿಗೆಯ ಮೇಲೆ ತಾನಾಗಿ ಹೊರಳಿತು. ತಲೆ ಸರಿಯಿತ್ತು, ಕಾಲು ಸರಿಯಿತ್ತು. ನಡುವೆ ತಾವು ಏನು ಹೇಳಿದೆವೆಂದು ಕೇಳಿಕೊಂಡರೆ ಒಂದು ಅಕ್ಷರವೂ ನೆನಪಿರಲಿಲ್ಲ. ಅರ್ಘ್ಯದ ನೀರು ಅಂಗೈಯಲ್ಲೇ ನಿಂತಿತು.

ಎದ್ದು ಬಂದು ಬ್ಲೇಡು ಹುಡುಕಿದರು. ಕಾಗದ ಈಗ ಬಂತು ಎಂದರಾಯಿತು; ಅಂಚೆ ತಡವಾಗುವುದು ಹೊಸದೇನಲ್ಲ. ಆ ಕೆಂಪು ಅಂಕೆ ಒಂದು ಹೋದರೆ ಸಾಕು. ನಾಲ್ಕರ ಕೊಂಡಿಯನ್ನು ಮೆಲ್ಲನೆ ಕೆರೆದರು. ಹಾಳೆ ತೆಳುವಾಯಿತೇ ಹೊರತು ಬಣ್ಣ ಹೋಗಲಿಲ್ಲ. ಸುಬ್ಬಲಕ್ಷ್ಮಿ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಅರವತ್ತೆಂಟು ವರ್ಷ ಆಯ್ತು ನಿಮಗೆ," ಎಂದರು ಅಷ್ಟೇ. ಲೋಟ ಇಟ್ಟು ಒಳಗೆ ಹೋದರು.

ಮೂರನೆಯ ದಿನ ಹಾಲುತುಪ್ಪ. ಗುಂಡಿಯ ಮೇಲೆ ಹಾಲು, ತುಪ್ಪ ಬಿಟ್ಟು ಸತ್ತವರಿಗೆ ತಂಪು ಮಾಡುವ ದಿನ. ಮೇಷ್ಟ್ರು ಒಬ್ಬರೇ ಹೋದರು. ಭದ್ರೆಯ ಕಡೆಗಿನ ಇಳಿಜಾರಿನಲ್ಲಿ ಹಸಿ ಮಣ್ಣಿನ ದಿಬ್ಬದ ಸುತ್ತ ಏಳೆಂಟು ಜನ. ಎಲೆಯ ಮೇಲೆ ಅನ್ನ, ಮೊಸರು, ದ್ಯಾಮಮ್ಮ ಹಾಕಿಕೊಳ್ಳುತ್ತಿದ್ದ ಎಲೆಅಡಿಕೆ. ಕಲ್ಲಪ್ಪ ಹಾಲಿನ ಚೊಂಬಿಗೆ ಮಾವಿನ ಎಲೆ ಅದ್ದುತ್ತಿದ್ದ.

"ಶರಣ್ಯಾ," ಎಂದರು ಮೇಷ್ಟ್ರು. ಎಲ್ಲರಿಗೂ ಕೇಳುವ ಹಾಗೆ, ತರಗತಿಯ ದನಿಯಲ್ಲೇ ಹೇಳಬೇಕೆಂದುಕೊಂಡಿದ್ದರು. ದನಿ ಸಣ್ಣದಾಗಿ ಬಂತು. "ಮೊನ್ನೆ ನಾನು ಸುಳ್ಳು ಹೇಳ್ದೆ. ನಿನ್ನ ಕಾಗ್ದ ನನಗೆ ಬಂದಿತ್ತು. ಅಮ್ಮ ಇನ್ನೂ ಆಸ್ಪತ್ರೇಲಿದ್ದಾಗ್ಲೇ ಬಂದಿತ್ತು. ನಾನು ಪೂರ್ತಿ ಓದ್ಲಿಲ್ಲ."

ಅವಳು ಕಾಗದವನ್ನು ಈಸಿಕೊಂಡಳು. ಮೊದಲು ಕಣ್ಣಿಗೆ ಬಿದ್ದದ್ದು ಕೆಂಪು.

"ನಾಲ್ಕೂವರೆ," ಎಂದು ತಾನೇ ಓದಿದಳು. ಅಂಕೆ ಅವಳಿಗೆ ಬರುತ್ತಿತ್ತು. ಸೀರೆಯ ಮೇಲಿನ ಚೀಟಿಯಲ್ಲಿ ದಿನವೂ ಅದೇ ನೋಡುವವಳು. "ಐದಕ್ಕಾ ಸರ್?"

"ಹೌದಮ್ಮ."

"ಅರ್ಧ ಯಾಕೆ ಕಟ್ ಮಾಡಿದ್ರಿ?"

"ಭಾಷೆಗೆ... ಪೂರ್ತಿ ಕೊಡೋ ಪದ್ಧತಿ ಇಲ್ಲ."

ಅವಳು ತಲೆಯಾಡಿಸಿದಳು, ಆ ನಿಯಮ ತನಗೂ ಗೊತ್ತು ಎಂಬಂತೆ. ಆಮೇಲೆ ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಸಾಲಿನಿಂದ ಸಾಲಿಗೆ ಬೆರಳು ಜಾರಿಸಿದಳು. "ಇದ್ರಲ್ಲಿ ಅಮ್ಮನ್ ವಿಷ್ಯ ಎಲ್ಲಿದೆ ಸರ್?"

ಮೇಷ್ಟ್ರು ಬಾಗಿ ಆರನೆಯ ಸಾಲಿನ ಕೆಳಗೆ ಬೆರಳಿಟ್ಟರು. ಒಂದೊಂದು ಪದಕ್ಕೂ ಬೆರಳು ಸರಿಸುತ್ತ ಓದಿದರು. ಅಮ್ಮಗೆ. ಹುಷಾರಿಲ್ಲ. ದೊಡ್ಡಾಸ್ಪತ್ರೆ. ಬೇಗ ಬನ್ನಿ. ಅವಳ ತುಟಿ ಅವರ ಹಿಂದೆಯೇ ಆಡಿತು.

"ಇದು ಓದಕ್ಕಾಗುತ್ತಲ್ಲ ಸರ್? ಅರ್ಥ ಆಗುತ್ತಲ್ಲ?"

"ಆಗುತ್ತೆ. ಚೆನ್ನಾಗೇ ಅರ್ಥ ಆಗುತ್ತೆ. ನಾನು ಹೇಳ್ಕೊಟ್ಟಿದ್ದು ಈ ಮೇಲಿಂದು, ಈ ಕೆಳಗಿಂದು. ಈ ಒಂದು ಸಾಲು ಮಾತ್ರ ನಿನ್ನದೇ. ತಪ್ಪು ನಿನ್ನ ತಲೇದಲ್ಲ ಮಗಳೇ. ನಾನು ನಿಂಗೆ ಓದು ಕಲಿಸ್ಲಿಲ್ಲ. ಪಾಸಾಗೋದು ಕಲಿಸ್ದೆ."

ಕಲ್ಲಪ್ಪ ಚೊಂಬು ಕೆಳಗಿಟ್ಟು ಏನೋ ಹೇಳಲು ಬಾಯಿ ತೆರೆದ. ಶರಣ್ಯಾ ಅವನ ಕಡೆ ನೋಡಲಿಲ್ಲ, ಮೇಷ್ಟ್ರ ಕಡೆಯೂ ನೋಡಲಿಲ್ಲ. ದಿಬ್ಬದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕಿವುಡಿಗೆ ಹೇಳುವ ಹಾಗೆ ಗಟ್ಟಿಯಾಗಿ ಹೇಳಿದಳು. "ಅಮ್ಮಾ, ಕಾಗ್ದ ಹೋಗಿತ್ತಂತೆ ಕಣೇ. ಅಡ್ರೆಸ್ಸು ಸರಿ ಇತ್ತಂತೆ. ನಾನು ಬರ್ದಿದ್ದು ಸರ್ಯಾಗೇ ಇತ್ತು." ಆಮೇಲೆ ಸ್ವಲ್ಪ ಮೆಲ್ಲಗೆ, "ಅವ್ರೇ ಓದ್ಲಿಲ್ಲ," ಎಂದಳು.

ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಎದ್ದು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು.

"ಇದ್ನ ಅಮ್ಮ ಇದ್ದಾಗ ಹೇಳ್ಬೇಕಿತ್ತು ಸರ್ ನೀವು."

"ಹೌದಮ್ಮ."

"ನಂಗೆ ಅದೊಂದು ತಡ್ಕೊಳ್ಳೋಕಾಗಲ್ಲ," ಎಂದು ದೂರ ಹೋಗಿ, ನದಿಗೆ ಮುಖ ಮಾಡಿ ನಿಂತಳು.

ಕಲ್ಲಪ್ಪ ಬಹಳ ಹೊತ್ತು ಮೇಷ್ಟ್ರನ್ನು ನೋಡಿದ. ಕೊನೆಗೆ ಹಾಲಿನ ಚೊಂಬನ್ನು ಅವರ ಕೈಗಿಟ್ಟ. "ಹಾಕಿ ಮೇಷ್ಟ್ರೇ. ಬಿಸಿಲೇರ್ತಾ ಐತೆ, ಹಾಲು ಒಡೆದೋಗುತ್ತೆ."

ಮೇಷ್ಟ್ರು ಚಪ್ಪಲಿ ಬಿಟ್ಟು ಮುಂದೆ ಹೋದರು. ಇಂಥ ಹೊತ್ತಿಗೆ ಹೇಳಬೇ‌ಕಾದ ಶ್ಲೋಕಗಳು ಸಾಲುಗಟ್ಟಿ ನಾಲಿಗೆಯ ತುದಿಗೆ ಬಂದವು. ಅವರು ಒಂದನ್ನೂ ಹೇಳಲಿಲ್ಲ. ಮಾವಿನ ಎಲೆಯಿಂದ ಹಾಲು ಬಿಟ್ಟರು. ಒಣಗುತ್ತಿದ್ದ ಮಣ್ಣು ಅದನ್ನು ಸದ್ದಿಲ್ಲದೆ ಕುಡಿಯಿತು. ಕಣ್ಣು ಮುಚ್ಚಿ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ, ಮನಸ್ಸಿನಲ್ಲೇ ಹೇಳಿಕೊಂಡರು.

ದೇವರೇ, ಈ ತಾಯಿಗೆ ಶಾಂತಿ ಕೊಡು. ಸಾವಿರಾರು ಮಕ್ಕಳ ಹೊಟ್ಟೆ ತಣ್ಣಗೆ ಮಾಡಿದವಳು. ಮಗಳ ಮೇಲೆ ಒಂದು ಅನುಮಾನ ಹೊತ್ತುಕೊಂಡು ನಿನ್ನ ಹತ್ತಿರ ಬಂದಿದ್ದಾಳೆ. ಅದು ಅವಳದಲ್ಲ, ಮಗಳದೂ ಅಲ್ಲ. ಇಳಿಸಿಕೊಂಡು ನನಗೆ ಕೊಡು. ಅವಳು ಇನ್ನು ಬಾಗಿಲ ಕಡೆ ನೋಡುತ್ತ ಮಲಗುವುದು ಬೇಡ. ದ್ಯಾಮಮ್ಮ ನೆಮ್ಮದಿಯಾಗಿ ನಿದ್ದೆ ಮಾಡಲಿ.